ಅತಿಮಧುರದ ಬೇರು ಮತ್ತು ನನ್ನ ಬುದ್ಧಿಮಾತು

ನಮ್ಮ ಅಕ್ಕನ ಮೊಮ್ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದಳು. ಹೊರಡುವ ಮುಂಚೆ ನನ್ನ ಹತ್ತಿರ ಬಂದು, ಅಷ್ಟು ವರ್ಷ ದುಡಿದಿದ್ದೀರಲ್ಲ ಅಜ್ಜಿ, ಏನಾದರೂ ಹೇಳಿ ಎಂದಳು. ಇಂಜೆಕ್ಷನ್ನು, ಡ್ರಿಪ್ಪು, ಮಾನಿಟರು ಎಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾವು ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಕುದಿಸುತ್ತಿದ್ದವರು. ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದೆವು ಎಂದರೆ ಈಗಿನವರು ಮೂಗು ಮುರಿಯುತ್ತಾರೆ. ಹಾಗಾಗಿ ಅವಳ ಪುಸ್ತಕದಲ್ಲಿ ಇರಲಾರದ್ದನ್ನು ಬರೆಯೋಣ ಎಂದು ಕೂತಿದ್ದೇನೆ.

ನಾನು ಕೆಲಸ ಮಾಡಿದ್ದು ಒಂದು ಟ್ರಸ್ಟಿನವರ ಧರ್ಮಾಸ್ಪತ್ರೆಗಳಲ್ಲಿ. ಮೊದಲು ಕಲ್ಯಾಣದುರ್ಗ, ಆಮೇಲೆ ಹಿಂದೂಪುರ. ಆರೇಳು ಮಂಚ, ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ನಾನು. ಜನ ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು. ನನಗೆ ಬಾಯಿ ಜೋರು. ಬೈಯದೆ ಇದ್ದ ದಿನ ರೋಗಿಗಳೇ ಮೈ ಹುಷಾರಿಲ್ಲವಾ ನರ್ಸಮ್ಮ ಎಂದು ಕೇಳುತ್ತಿದ್ದರು.

ಕಲ್ಯಾಣದುರ್ಗದಲ್ಲಿ ನನಗೆ ಕೆಲಸ ಕಲಿಸಿದವರು ಸುಶೀಲಮ್ಮ ಡಾಕ್ಟರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಸೇರಿದ ಮೊದಲ ವರ್ಷ, ಬ್ರಹ್ಮಸಮುದ್ರದ ಕಡೆಯ ಹಳ್ಳಿಯಿಂದ ಅತ್ತೆ ಸೊಸೆ ಇಬ್ಬರು ಬಸ್ಸಿನಲ್ಲಿ ನಾಲ್ಕು ತಿಂಗಳ ಕೂಸನ್ನು ತಂದರು. ಕೂಸು ಹಿಂದಿನ ದಿನ ಬೆಳಿಗ್ಗೆ ಮಲಗಿದ್ದು ಕಣ್ಣೇ ಬಿಟ್ಟಿಲ್ಲ, ಹಾಲು ಕುಡಿದಿಲ್ಲ. ಜ್ವರ ಇಲ್ಲ. ಚಿವುಟಿದರೆ ಮುಖ ಕಿವುಚಿ ಮತ್ತೆ ನಿದ್ದೆ. ಡಾಕ್ಟರಮ್ಮ ಏನು ಹಾಕಿದಿರಿ ಎಂದು ಮೂರು ಸಲ ಕೇಳಿದರು. ಅತ್ತೆ ಮೂರು ಸಲವೂ ಏನೂ ಇಲ್ಲ ಎಂದಳು. ನಾನು ಅದನ್ನು ನಂಬಿ ರಿಜಿಸ್ಟರಿನಲ್ಲಿ ಬರೆದೂ ಬಿಟ್ಟೆ.

ಡಾಕ್ಟರಮ್ಮ ನಂಬಲಿಲ್ಲ. ಪ್ರಶ್ನೆ ಬದಲಾಯಿಸಿ, ದಿನಾ ಏನು ಹಾಕುತ್ತೀರಿ ಎಂದರು. ಆಗ ಮಾತು ಸಲೀಸಾಗಿ ಬಂತು. ಸೊಸೆ ಕಡಲೆಕಾಯಿ ಹೊಲದ ಕಳೆಗೆ ಹೋಗುವಾಗ ಕೂಸು ರಚ್ಚೆ ಹಿಡಿಯದಿರಲಿ ಎಂದು ಜಾಜಿಕಾಯಿ ತೇಯ್ದು ಎದೆಹಾಲಲ್ಲಿ ನಾಲಿಗೆಗೆ ಸವರುತ್ತಾರೆ, ಕಲ್ಲಿನ ಮೇಲೆ ನಾಲ್ಕೇ ಸುತ್ತು, ಅದಕ್ಕಿಂತ ಒಂದು ಸುತ್ತೂ ಜಾಸ್ತಿ ಇಲ್ಲ. ಹಾಗಾದರೆ ನಿನ್ನೆ ಏನು ಬದಲಾಯಿತು? ಕಲ್ಲು ಬದಲಾಗಿತ್ತು. ಹಳೆಯ ತೇಯುವ ಕಲ್ಲು ಸವೆದು ನುಣ್ಣಗಾಗಿ ಒಡೆದುಹೋಯಿತೆಂದು ಸಂತೆಯಲ್ಲಿ ಹೊಸದು ತಂದಿದ್ದರು. ಹೊಸ ಕಲ್ಲು ಒರಟು. ಅದೇ ನಾಲ್ಕು ಸುತ್ತಿಗೆ ಮೂರು ಪಟ್ಟು ಜಾಜಿಕಾಯಿ ಇಳಿದಿತ್ತು. ಮಾರನೆಯ ಮಧ್ಯಾಹ್ನ ಕೂಸು ಎದ್ದು ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ಡಾಕ್ಟರಮ್ಮ ಅಂದು ನನ್ನನ್ನು ಕರೆದು, ಜನ ಏನೂ ಇಲ್ಲ ಎಂದರೆ ಹೊಸದೇನೂ ಇಲ್ಲ ಎಂದು ಅರ್ಥ, ದಿನಾ ತಿನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು.

ಕಲ್ಯಾಣದುರ್ಗದ್ದೇ ಇನ್ನೊಂದು ಮನೆ. ಬಟ್ಟೆ ಅಂಗಡಿಯವರು, ಲಿಂಗ ಕಟ್ಟುವ ಶರಣರ ಮನೆತನ. ಸೊಸೆ ಪಾರ್ವತಮ್ಮನಿಗೆ ಮದುವೆಯಾದ ಮೇಲೆ ಪ್ರತಿ ನಾಗರ ಚೌತಿಯ ದಿನ ಮುಖ ಊದುತ್ತಿತ್ತು. ಮೊದಲ ವರ್ಷ ತುಟಿ ಮಾತ್ರ. ಎರಡನೆಯ ವರ್ಷ ಕಣ್ಣು ಮುಚ್ಚುವಷ್ಟು. ಹಾವಿನ ಹೆಡೆ ಹಾಗೆ ಊದುತ್ತದೆ, ನಾಗಪ್ಪ ಮುನಿದಿದ್ದಾನೆ ಎಂದು ಅತ್ತೆ ನಿರ್ಧರಿಸಿ, ಹುತ್ತಕ್ಕೆ ಹಾಲೆರೆಯುವುದನ್ನು ಇಮ್ಮಡಿ ಮಾಡಿದರು. ಎಳ್ಳು ಬೆಲ್ಲ ಕುಟ್ಟಿ ಮಾಡುವ ಚಿಗಳಿ ಉಂಡೆಯೂ ಇಮ್ಮಡಿಯಾಯಿತು. ಸೊಸೆ ಬೆಳಿಗ್ಗೆಯಿಂದ ಉಪವಾಸವಿದ್ದು, ಆ ಚಿಗಳಿಯನ್ನೇ ಭಕ್ತಿಯಿಂದ ತಿನ್ನುತ್ತಿದ್ದಳು. ಮೂರನೆಯ ವರ್ಷ ನಮ್ಮ ಹತ್ತಿರ ತಂದಾಗ ಮೈಯೆಲ್ಲ ದದ್ದು, ಉಸಿರು ಸೀಟಿ ಹೊಡೆಯುತ್ತಿತ್ತು. ಡಾಕ್ಟರಮ್ಮ ಕೊಟ್ಟ ಇಂಜೆಕ್ಷನ್ನಿನಿಂದ ಅರ್ಧ ಗಂಟೆಯಲ್ಲಿ ಇಳಿಯಿತು.

ಎಳ್ಳು ಆಕೆಗೆ ಒಗ್ಗುವುದಿಲ್ಲ ಎಂದು ಡಾಕ್ಟರಮ್ಮನಿಗೆ ಗೊತ್ತಾಯಿತು. ತವರಿನಲ್ಲಿ ಎಳ್ಳಿನ ಬಳಕೆ ಇರಲಿಲ್ಲವಂತೆ. ಆದರೆ ಪ್ರಸಾದ ತಿನ್ನಬೇಡ ಎಂದು ಆ ಅತ್ತೆಗೆ ಹೇಳುವವರು ಯಾರು? ನಾನೇ ಹೋದೆ. ಚಿಗಳಿಯನ್ನು ನಾಗಪ್ಪನಿಗೆ ಇಡಿ, ಇವಳಿಗೆ ತಂಬಿಟ್ಟು ಕೊಡಿ, ಅದೂ ಪ್ರಸಾದವೇ ತಾನೆ ಎಂದು ಬುದ್ಧಿವಂತಿಕೆಯಿಂದ ರಾಜಿ ಮಾಡಿಸಿ ಬಂದೆ. ಮುಂದಿನ ಚೌತಿಗೆ ಪಾರ್ವತಮ್ಮ ಮತ್ತೆ ಊದಿಕೊಂಡು ಬಂದಳು. ಆ ಮನೆಯವರು ಅಕ್ಕಿಹಿಟ್ಟಿನ ತಂಬಿಟ್ಟಿಗೂ ಘಮಕ್ಕೆಂದು ಎಳ್ಳು ಹುರಿದು ಹಾಕುತ್ತಿದ್ದರು. ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹಾಕುವುದಿಲ್ಲ, ಆದ್ದರಿಂದ ಲೋಕದಲ್ಲಿ ಯಾರೂ ಹಾಕುವುದಿಲ್ಲ ಎಂದುಕೊಂಡಿದ್ದೆ. ಎಳ್ಳು ಪೂರ್ತಿ ಬಿಟ್ಟ ವರ್ಷ ಏನೂ ಆಗಲಿಲ್ಲ. ಅತ್ತೆ ಮಾತ್ರ, ನಾಗಪ್ಪನೂ ನರ್ಸಮ್ಮನ ಬಾಯಿಗೆ ಹೆದರಿದ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಈ ಎರಡು ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ತಿನ್ನುವುದು ಕುಡಿಯುವುದು ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಬಂದಿತ್ತು. ಆ ಹಮ್ಮನ್ನು ಹೊತ್ತುಕೊಂಡೇ ಹಿಂದೂಪುರಕ್ಕೆ ವರ್ಗವಾಗಿ ಹೋದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅಲ್ಲಿ ನಮ್ಮ ಆಸ್ಪತ್ರೆ ಇದ್ದದ್ದು ನೇಕಾರರ ಬೀದಿಯ ತುದಿಗೆ. ಬೆಳಗಾದರೆ ಸಾಲು ಮನೆಗಳಿಂದ ಮಗ್ಗದ ಸದ್ದು. ಎಲ್ಲ ಗುಣಿಮಗ್ಗ, ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ರೇಷ್ಮೆ ಸೀರೆ ನೇಯುತ್ತಿದ್ದರು. ಗಂಡಸರು ಬಹುಪಾಲು ಹೊಗೆಸೊಪ್ಪು ದವಡೆಗೆ ಇಟ್ಟುಕೊಳ್ಳುವವರು. ಎಲೆಯಡಿಕೆ ಮಗ್ಗದ ಹತ್ತಿರ ಸುಳಿಯುವಂತಿಲ್ಲ, ಒಂದು ಕೆಂಪು ಹನಿ ಸಿಡಿದರೆ ಸೀರೆ ಹಾಳು. ಹೊಗೆಸೊಪ್ಪಾದರೂ ಗಂಟೆಗೊಮ್ಮೆ ಗುಣಿಯಿಂದ ಎದ್ದು ಬಂದು ಉಗಿಯಬೇಕು.

ಆ ವರ್ಷ ಅದೇ ಬೀದಿಯ ಒಬ್ಬರ ದವಡೆಯ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿ, ಅವರು ನಮ್ಮ ಕಣ್ಣೆದುರಿಗೇ ತೀರಿಹೋದರು. ನನಗೆ ಸಿಟ್ಟು ಬಂತು. ಮನೆ ಮನೆಗೆ ಹೋಗಿ ಹೊಗೆಸೊಪ್ಪು ಬಿಡಿ ಎಂದು ಗದರಲು ಶುರುಮಾಡಿದೆ. ಹೆಚ್ಚಿನವರು ಆಯ್ತು ಆಯ್ತು ಎಂದು ಸಾಗಹಾಕಿದರು. ಸಂಜೀವಪ್ಪ ಎಂಬಾತ ಮಾತ್ರ ಕೈಯಲ್ಲಿದ್ದ ನೂಲಿನ ಲಾಳಿ ಪಕ್ಕಕ್ಕಿಟ್ಟು ಪೂರ್ತಿ ಕೇಳಿದ. ನಲವತ್ತರ ಆಸುಪಾಸು, ಮೆತ್ತಗೆ ಮಾತಾಡುವ ಮನುಷ್ಯ. ಸೀರೆಯ ಮೈಮೇಲೆ ಸೂಕ್ಷ್ಮ ಬುಟ್ಟಾ ಹೂವು ನೇಯುವುದರಲ್ಲಿ ಬೀದಿಗೇ ಹೆಸರಾಗಿದ್ದವನು.

"ಬಿಡ್ತೀನಿ ಕಣಮ್ಮ. ಆದ್ರೆ ಬಾಯಿ ಖಾಲಿ ಇದ್ರೆ ನಂಗೆ ಕೈ ಓಡಲ್ಲ. ಬದಲಿಗೆ ಏನಿಕ್ಕಲಿ, ನೀವೇ ಹೇಳ್ಬುಡಿ" ಅಂದ.

ಒಂದು ಕ್ಷಣವೂ ಯೋಚಿಸದೆ ಅತಿಮಧುರ ಎಂದೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬೇರು. ಕಡ್ಡಿಯಂತೆ ಕಾಣುತ್ತದೆ, ಅಗಿದರೆ ಸಕ್ಕರೆಗಿಂತ ಸಿಹಿ. ಕೆಮ್ಮಿಗೆ, ಗಂಟಲಿಗೆ ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು. ನಮ್ಮ ಕಾಂಪೌಂಡರು ಬೆರೆಸುವ ಕೆಮ್ಮಿನ ಮಿಕ್ಸ್‌ಚರಿನಲ್ಲೂ ಅದರ ರಸವೇ ಇತ್ತು. ಅದರಲ್ಲಿ ಕೆಟ್ಟದ್ದಿರಬಹುದು ಎಂಬ ಯೋಚನೆ ನನ್ನ ತಲೆಯ ಹತ್ತಿರಕ್ಕೂ ಬರಲಿಲ್ಲ.

ಸಂಜೀವಪ್ಪ ಹೇಳಿದಂತೆಯೇ ಮಾಡಿದ. ಎರಡು ತಿಂಗಳ ನಂತರ ನೋಡಿದಾಗ ದವಡೆಯಲ್ಲಿ ಬೇರಿನ ತುಂಡಿನ ಸಣ್ಣ ಉಬ್ಬು.

"ನೀವು ಹೇಳಿದ್ದೇ ಕಣಮ್ಮ. ಇದನ್ನ ಉಗಿಯಂಗಿಲ್ಲ, ರಸ ನುಂಗಿದ್ರಾಯ್ತು. ಕೂತ ಕಡೆ ಕೂತು ನೇಯ್ತೀನಿ, ಎದ್ದೇಳೋ ಕೆಲ್ಸಾನೇ ಇಲ್ಲ" ಎಂದ.

ಭೇಷ್ ಎಂದೆ. ದಿನಕ್ಕೆ ಎಷ್ಟು ಎಂದು ಕೇಳಲಿಲ್ಲ. ಬೆರಳುದ್ದದ ಏಳೆಂಟು ತುಂಡು ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಮಗ್ಗಕ್ಕೆ ಇಳಿದಾಗಿನಿಂದ ದೀಪ ಹಚ್ಚುವವರೆಗೆ ಬಾಯಲ್ಲಿ ಅದೇ.

ಅರ್ಧ ವರ್ಷ ಕಳೆದಿರಬೇಕು, ಅವನು ತಲೆನೋವೆಂದು ಆಸ್ಪತ್ರೆಗೆ ಬಂದ. ಪಾದ ಊದಿತ್ತು. ನಮ್ಮ ಡಾಕ್ಟರು ಪ್ರಸಾದರಾವ್, ಕರಾವಳಿ ಆಂಧ್ರದವರು, ಕನ್ನಡ ಅರ್ಥವಾಗುತ್ತಿತ್ತು, ಮಾತು ತೆಲುಗು. ಬಿ.ಪಿ. ನೋಡಿ ಹುಬ್ಬು ಏರಿಸಿದರು. ಇಷ್ಟು ಬಡಕಲು ಮನುಷ್ಯನಿಗೆ ಇಷ್ಟೊಂದು ಬಿ.ಪಿ. ಏಕೆ ಎಂದು ಅವರಿಗೆ ಅನುಮಾನ. ನಾಟಿ ಔಷಧಿ, ಲೇಹ್ಯ, ಬೇರು ನಾರು ಏನಾದರೂ ತಿನ್ನುತ್ತಾನಾ ಕೇಳಿ ಎಂದರು. ಸಂಜೀವಪ್ಪ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. ಏನೂ ಇಲ್ಲ ಸರ್, ಹೊಗೆಸೊಪ್ಪನ್ನೂ ಬಿಡಿಸಿದ್ದೇನೆ ಎಂದೆ. ಅದನ್ನು ಹೇಳುವಾಗ ನನಗೆ ಹೆಮ್ಮೆಯಾಗಿತ್ತು. ಡಾಕ್ಟರು ಊತಕ್ಕೂ ಬಿ.ಪಿ.ಗೂ ಆಗಲಿ ಎಂದು, ಮೂತ್ರ ಜಾಸ್ತಿ ಹೋಗುವ ಮಾತ್ರೆ ಬರೆದರು.

ಊತ ಇಳಿಯಿತು, ಕಾಲಿನ ಶಕ್ತಿಯೂ ಇಳಿಯುತ್ತ ಹೋಯಿತು. ಮೊದಮೊದಲು ಮೀನಖಂಡ ಹಿಡಿದುಕೊಳ್ಳುತ್ತದೆ ಎಂದ. ಹತ್ತು ದಿನಕ್ಕೆ ಹಲಗೆ ತುಳಿಯಲು ಆಗುತ್ತಿಲ್ಲ ಎಂದ. ಅಳಿಯ ಮಗ್ಗಕ್ಕೆ ಇಳಿದ, ಸಂಜೀವಪ್ಪ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಬುಟ್ಟಾ ಹೇಳಿಕೊಡುತ್ತಿದ್ದ. ಬೀದಿಯವರು ಲಕ್ವ ಎಂದು ತೀರ್ಮಾನಿಸಿ ಎಣ್ಣೆ ತಿಕ್ಕಿಸಿದರು. ನಾನು ದಿನ ಬಿಟ್ಟು ದಿನ ಹೋಗಿ ಬಿ.ಪಿ. ನೋಡಿ, ಮಾತ್ರೆ ತಪ್ಪಿಸಬೇಡಪ್ಪ ಎಂದು ತಾಕೀತು ಮಾಡಿ ಬರುತ್ತಿದ್ದೆ. ಅವನು ಅದನ್ನೂ ತಪ್ಪಿಸಲಿಲ್ಲ. ಅವನ ಬಾಯಲ್ಲಿದ್ದ ಬೇರನ್ನು ಪ್ರತಿ ಸಲವೂ ಕಣ್ಣಾರೆ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಅವನನ್ನು ಮಂಚದ ಸಮೇತ ಹೊತ್ತು ತಂದರು. ಕಾಲು ಆಡುತ್ತಿರಲಿಲ್ಲ, ಕೈ ಎತ್ತಲಾಗುತ್ತಿರಲಿಲ್ಲ, ನಾಡಿ ಅಡ್ಡಾದಿಡ್ಡಿ ಓಡುತ್ತಿತ್ತು. ಬೆಂಗಳೂರಿಗೆ ಕಳಿಸಲು ಡಾಕ್ಟರು ಕಾಗದ ಬರೆಯಲು ಕೂತರು. ಬರೆಯುತ್ತ ಬರೆಯುತ್ತ, ಈ ಸಲ ನನ್ನನ್ನು ಬಿಟ್ಟು ನೇರ ಹೆಂಡತಿ ಲಕ್ಷ್ಮಮ್ಮನನ್ನೇ ಕೇಳಿದರು, ದಿನವೂ ಇವನ ಬಾಯಿಗೆ ಏನೇನು ಹೋಗುತ್ತದೆ ಹೇಳಮ್ಮ ಎಂದು. ಆಕೆ ರಾಗಿಮುದ್ದೆ, ಸಾರು, ಕಾಫಿ ಎಂದು ಎಣಿಸಿ, ಅತಿಮಧುರ ಎಂದಳು. ಎಷ್ಟು ಎಂದರು. ಆಕೆ ಬೆರಳು ತೋರಿಸಿ ಲೆಕ್ಕ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು, ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ಇಳಿಸಿ, ನಿಂತಲ್ಲೇ ಹುಡುಕಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ಇವನು ಇದನ್ನು ತಿನ್ನುವುದು ನಿಮಗೆ ಗೊತ್ತಿತ್ತಾ ಎಂದರು.

ಗೊತ್ತಿತ್ತು ಸರ್, ತಿನ್ನು ಅಂತ ಹೇಳಿದವಳೇ ನಾನು ಎಂದೆ. ಅವರು ಬೈಯಲಿಲ್ಲ. ಆ ಬೇರು ಅತಿಯಾದರೆ ಮೈಯಲ್ಲಿ ಉಪ್ಪು ನೀರು ನಿಂತು ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಎಂಬ ಇನ್ನೊಂದು ಲವಣ ಸೋರಿಹೋಗುತ್ತದೆ, ಅದಿಲ್ಲದೆ ಕಾಲೂ ನಡೆಯದು, ಹೃದಯವೂ ನಡೆಯದು. ತಾನು ಕೊಟ್ಟ ಮಾತ್ರೆ ಉಳಿದದ್ದನ್ನೂ ಹೊರಗೆ ಹಾಕಿತು ಎಂದು ವಿವರಿಸಿದರು. ಅಷ್ಟನ್ನೂ ಕಾಗದದಲ್ಲಿ ಬರೆದು, ವ್ಯಾನಿನಲ್ಲಿ ಜೊತೆಗೆ ನನ್ನನ್ನೇ ಕಳಿಸಿದರು. ದಾರಿಯುದ್ದಕ್ಕೂ ಅವನ ನಾಡಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಅದು ತಪ್ಪಿದಾಗಲೆಲ್ಲ ನನ್ನ ಜೀವ ಹೋಗಿ ಬರುತ್ತಿತ್ತು.

ಸಂಜೀವಪ್ಪ ಬದುಕಿದ. ಬಾಯಿಗಿಟ್ಟರೆ ವಾಕರಿಕೆ ಬರುವ ಒಂದು ಸಿರಪ್ಪು, ಡ್ರಿಪ್ಪು, ಮೂರು ವಾರದ ಮಂಚ. ವಾಪಸು ಬಂದ ದಿನ ಆಸ್ಪತ್ರೆಗೆ ನಡೆದೇ ಬಂದ. ನಾನು ಅವನನ್ನು ಬೆಂಚಿನ ಮೇಲೆ ಕೂರಿಸಿ, ಇದೆಲ್ಲ ನನ್ನಿಂದಲೇ ಆದದ್ದು ಕಣಪ್ಪ, ನಾನು ತಿಳಿಯದೆ ಹೇಳಿದೆ, ಡಾಕ್ಟರು ಕೇಳಿದಾಗ ಮುಚ್ಚಿಟ್ಟ ಹಾಗೂ ಆಯಿತು ಎಂದೆ.

"ಅದು ಇರ್ಲಿ ಬುಡಮ್ಮ. ನಾನೊಬ್ನೇ ಅಲ್ಲ, ನಮ್ಮ ಬೀದೀಲಿ ಎಷ್ಟೋ ಜನ ತಿಂತಾವ್ರೆ. ನರ್ಸಮ್ಮ ಹೇಳವ್ರೆ, ಒಳ್ಳೇದು ಅಂತ ನಾನೇ ಎಲ್ರಿಗೂ ಹೇಳ್ಬುಟ್ಟಿವ್ನಿ" ಅಂದ.

ಓಡಿ ಹೋಗಿ ಡಾಕ್ಟರಿಗೆ ಹೇಳಿದೆ. ಎಲ್ಲರನ್ನೂ ಆಸ್ಪತ್ರೆಗೆ ಕರೆಸೋಣ ಎಂದರು ಡಾಕ್ಟರು. ನಾನು ಒಪ್ಪಲಿಲ್ಲ. ಬುದ್ಧಿ ಹೇಳಲು ಅವರ ಬಾಗಿಲಿಗೆ ಹೋದವಳು ನಾನು, ತಪ್ಪಾಯಿತು ಎನ್ನಲು ಅವರು ನನ್ನ ಬಾಗಿಲಿಗೆ ಬರಬೇಕೇ? ಬಿ.ಪಿ. ನೋಡುವ ಪೆಟ್ಟಿಗೆ ಹಿಡಿದು ಹೊರಟೆ. ಪ್ರತಿ ಗುಣಿಯ ಅಂಚಿಗೂ ಕೂತು, ಬಾಯಲ್ಲಿರುವುದನ್ನು ಉಗಿಯಿರಿ, ನಾನು ಹೇಳಿದ್ದು ತಪ್ಪು ಎಂದೆ. ಕೆಲವರು ನಕ್ಕರು. ಒಬ್ಬ, ಹೊಗೆಸೊಪ್ಪು ತಿಂದ್ರೂ ಸಾಯ್ತೀವಿ, ಬುಟ್ರೂ ಸಾಯ್ತೀವಿ, ಇನ್ನೇನಮ್ಮ ನಿಮ್ಮ ಆಸ್ಪತ್ರೆ ಎಂದು ಲಾಳಿ ಎಸೆಯುತ್ತಲೇ ಹೇಳಿದ. ಅವನ ತೋಳಿಗೂ ಬಿ.ಪಿ. ಪಟ್ಟಿ ಸುತ್ತಿದೆ. ಹನ್ನೊಂದು ಜನರ ಬಾಯಲ್ಲಿ ಬೇರು ಸಿಕ್ಕಿತು, ಅವರಲ್ಲಿ ನಾಲ್ವರ ಬಿ.ಪಿ. ಏರಿತ್ತು. ಬಿಡಿಸಿದ ಮೇಲೆ ಕೆಲವು ವಾರದಲ್ಲಿ ಇಳಿಯಿತು.

ಎರಡನೆಯ ದಿನ ಬೀದಿಯ ಕೊನೆಯ ಮನೆಗೆ ಹೋದೆ. ಅಲ್ಲಿ ಮಗ್ಗ ನಿಂತಿತ್ತು. ಓಬಳಮ್ಮ ಎಂಬಾಕೆ ಜಗುಲಿಯಲ್ಲಿ ಕೂತು, ಪಕ್ಕದ ಮನೆಯವರ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಆಕೆಯ ಗಂಡ ಗಂಗಪ್ಪ ಎರಡು ತಿಂಗಳ ಹಿಂದೆ ಮಗ್ಗದ ಮೇಲೆಯೇ ಕುಸಿದು ತೀರಿಹೋಗಿದ್ದ. ಆಸ್ಪತ್ರೆಗೆ ತರುವಷ್ಟೂ ಸಮಯ ಸಿಕ್ಕಿರಲಿಲ್ಲ, ಹಾರ್ಟು ಎಂದು ಎಲ್ಲರೂ ಅಂದುಕೊಂಡೆವು. ಅಲ್ಲಿ ನೋಡುವವರು ಯಾರೂ ಇಲ್ಲ ಎಂದು ನಾನು ಹಾಗೇ ತಿರುಗುತ್ತಿದ್ದೆ. ಆಕೆ ಕೂರಿ ಎಂದಳು. ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಮುಚ್ಚಳ ತೆಗೆದಳು. ಒಳಗೆ ಬೆರಳುದ್ದ ಕತ್ತರಿಸಿದ ಬೇರಿನ ತುಂಡುಗಳು, ಒಂದರ ತುದಿ ಅಗಿದು ನಾರಾಗಿತ್ತು.

"ನಮ್ಮೆಜಮಾನ್ರೂ ಇದನ್ನೇ ತಿಂತಿದ್ರು ಕಣಮ್ಮ. ಇದ್ರಿಂದಾನೇನಮ್ಮ?" ಅಂದಳು.

ಅಲ್ಲ ಎಂದುಬಿಡಬಹುದಿತ್ತು. ಅವನ ಬಿ.ಪಿ. ಯಾರೂ ನೋಡಿರಲಿಲ್ಲ, ರಕ್ತ ಪರೀಕ್ಷೆ ಮಾಡಿರಲಿಲ್ಲ, ನಾನು ಏನು ಹೇಳಿದರೂ ನಡೆಯುತ್ತಿತ್ತು. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಆಕೆಗಾಗಿ ಬಂದಿದ್ದವೋ ನನಗಾಗಿ ಬಂದಿದ್ದವೋ, ಇವತ್ತಿಗೂ ಹೇಳಲಾರೆ.

"ಗೊತ್ತಿಲ್ಲ ಓಬಳಮ್ಮ. ಇರಬಹುದು. ತಿನ್ನಿ ಅಂತ ಹೇಳಿದವಳು ನಾನೇ" ಎಂದೆ.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಡಬ್ಬಿಯ ಮುಚ್ಚಳ ಒತ್ತಿ, ಎದ್ದು ಒಳಗೆ ಹೋದಳು. ನಾನು ಬಹಳ ಹೊತ್ತು ಜಗುಲಿಯಲ್ಲಿ ಕೂತಿದ್ದೆ, ಆಕೆ ಹೊರಗೆ ಬರಲಿಲ್ಲ. ಆಮೇಲೆ ಹನ್ನೆರಡು ವರ್ಷ ನಾನು ಅದೇ ಬೀದಿಯ ತುದಿಯಲ್ಲಿ ಕೆಲಸ ಮಾಡಿದೆ. ಮೊಮ್ಮಕ್ಕಳಿಗೆ ಜ್ವರ ಬಂದರೆ ಓಬಳಮ್ಮ ಅವರನ್ನು ಎತ್ತಿಕೊಂಡು ನಮ್ಮ ಬಾಗಿಲ ಮುಂದೆಯೇ ಹಾದು, ಊರಾಚೆಯ ಇನ್ನೊಂದು ಆಸ್ಪತ್ರೆಗೆ ನಡೆದು ಹೋಗುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕರೆಯಲಿಲ್ಲ.